ನಿಮಗಿದು ಗೊತ್ತೇ? ಮಂಗಳಕ್ಕೆ ಹೊರಟವನು ಶುಕ್ರಕ್ಕೆ ಬಿದ್ದ!

● ಎಡ್ಗರ್ ರೈಸ್ ಬರೋಸ್ ಎಂದರೆ ಟಾರ್ಜನ್ ನೆನಪಾಗುತ್ತಾನೆ. ಆದರೆ ಟಾರ್ಜನ್‌ಗೂ ಮೊದಲೇ, 1912ರ ಫೆಬ್ರವರಿಯಲ್ಲಿ, ಆತನ ಮಂಗಳ ಗ್ರಹದ ಧಾರಾವಾಹಿ ಅಮೆರಿಕದ ‘ಆಲ್-ಸ್ಟೋರಿ’ ಪತ್ರಿಕೆಯಲ್ಲಿ ಶುರುವಾಗಿತ್ತು. ಸಂಭಾವನೆ 400 ಡಾಲರ್. ಮುಂದೆ ಆ ಸರಣಿ 11 ಪುಸ್ತಕಗಳಿಗೆ ಬೆಳೆಯಿತು.

● ಆ ಮಂಗಳದಲ್ಲಿ ಕತ್ತಿವರಸೆಯೂ ಉಂಟು, ಹಾರುವ ಹಡಗೂ ಉಂಟು, ಮೊಟ್ಟೆ ಇಡುವ ರಾಜಕುಮಾರಿಯೂ ಉಂಟು. ನಾಯಕ ಜಾನ್ ಕಾರ್ಟರ್ ಅಲ್ಲಿ ಕುಪ್ಪಳಿಸಿ ಕುಪ್ಪಳಿಸಿ ಶತ್ರುಗಳನ್ನು ಕಂಗೆಡಿಸುತ್ತಾನೆ. ಇದಕ್ಕೆ ಆಧಾರವಿದೆ: ಮಂಗಳದ ಗುರುತ್ವ ಭೂಮಿಯದರ ಶೇ 38 ಮಾತ್ರ. ಇಲ್ಲಿ 60 ಕೆ.ಜಿ. ತೂಗುವವರು ಅಲ್ಲಿ 23 ಕೆ.ಜಿ. ತೂಗುತ್ತಾರೆ. ವಿಜ್ಞಾನ ಅಷ್ಟಕ್ಕೇ ಮುಗಿಯಿತು. ಆತ ಅಲ್ಲಿಗೆ ಹೋದದ್ದು ಅರಿಜೋನಾದ ಗುಹೆಯ ಬಾಯಲ್ಲಿ ನಿಂತು ಮಂಗಳವನ್ನು ದಿಟ್ಟಿಸಿಯಷ್ಟೇ.

● ಪಕ್ಕದ ಶುಕ್ರವನ್ನೂ ಬರೋಸ್ ಬಿಡಲಿಲ್ಲ. 1932ರಲ್ಲಿ ಶುರುವಾದ ಆ ಸರಣಿಯ ನಾಯಕ ಕಾರ್ಸನ್ ನೇಪಿಯರ್ ಹುಟ್ಟಿದ್ದು ಭಾರತದಲ್ಲಿ, ಬ್ರಿಟಿಷ್ ಸೇನಾಧಿಕಾರಿಯ ಮಗನಾಗಿ! ಚಾಂದ್ ಕಬಿ ಎಂಬ ಮುದುಕ ಆತನಿಗೆ ಮನಸ್ಸಿನಿಂದ ಮನಸ್ಸಿಗೆ ಸಂದೇಶ ಕಳಿಸುವ ವಿದ್ಯೆ ಕಲಿಸುತ್ತಾನೆ. ಬೆಂಗಳೂರಿನ ದಂಡು ಪ್ರದೇಶದವರು ‘ಅವನು ನಮ್ಮ ಹುಡುಗ’ ಎಂದು ಹಟ ಹಿಡಿದರೆ ನನ್ನದೇನೂ ತಕರಾರಿಲ್ಲ. ಈ ಪುಣ್ಯಾತ್ಮ ರಾಕೆಟ್ ಕಟ್ಟಿ ಹೊರಟದ್ದು ಮಂಗಳಕ್ಕೆ. ಲೆಕ್ಕ ಹಾಕುವಾಗ ಚಂದ್ರನ ಸೆಳೆತವನ್ನೇ ಮರೆತಿದ್ದ. ದಾರಿ ತಪ್ಪಿ ಬಿದ್ದದ್ದು ಶುಕ್ರಕ್ಕೆ.

● ದಂಡಿನ ಮಾತು ಬಂತಲ್ಲ, ಬೆಂಗಳೂರಿನ ಶಿವಾಜಿನಗರವಿನ್ನೂ ಬ್ಲ್ಯಾಕ್‌ಪಳ್ಳಿಯಾಗಿದ್ದ ಕಾಲ. 1896ರಲ್ಲಿ ದಂಡಿಗೆ ಬಂದಿಳಿದ ಕುದುರೆ ಸವಾರ ಪಡೆಯ ಯುವಕನೊಬ್ಬ ಪೋಲೋ ಆಡಿಕೊಂಡು, ಗುಲಾಬಿ ಬೆಳೆಸಿಕೊಂಡು, ಚಿಟ್ಟೆ ಹಿಡಿದುಕೊಂಡು ಇದ್ದ. ಜೊತೆಗೆ ಕಲ್ಪಿತ ದೇಶವೊಂದರ ಕಾದಂಬರಿಯನ್ನೂ ಬರೆಯತೊಡಗಿದ. ಹೆಸರು ವಿನ್‌ಸ್ಟನ್ ಚರ್ಚಿಲ್. ಕ್ಲಬ್ಬಿಗೆ ಆತ ಉಳಿಸಿಹೋದ 13 ರೂಪಾಯಿಯ ವಸೂಲಾಗದ ಬಾಕಿ ಬೆಂಗಳೂರು ಕ್ಲಬ್ಬಿನ ಹಳೆಯ ದಾಖಲೆಯಲ್ಲಿ ಈಗಲೂ ಇದೆ. ಅದು ಎಲ್ಲರಿಗೂ ಗೊತ್ತು, ಇದು ಗೊತ್ತೇ? ಅದೇ ಚರ್ಚಿಲ್ 1939ರಲ್ಲಿ ಅನ್ಯಲೋಕದ ಜೀವಿಗಳ ಬಗ್ಗೆ 11 ಪುಟದ ಲೇಖನ ಬರೆದಿದ್ದರು. ಸೌರಮಂಡಲದಲ್ಲಿ ಭೂಮಿ ಬಿಟ್ಟರೆ ಜೀವ ಇರಬಹುದಾದ ಗ್ರಹಗಳು ಮಂಗಳ, ಶುಕ್ರ ಎರಡೇ ಎಂಬುದು ಅವರ ತೀರ್ಮಾನ. ಅಪ್ರಕಟಿತವಾಗಿದ್ದ ಈ ಬರಹ ಅಮೆರಿಕದ ಮ್ಯೂಸಿಯಂ ಒಂದರಲ್ಲಿ ಸಿಕ್ಕ ಸುದ್ದಿ ಹೊರಬಂದದ್ದು 2017ರಲ್ಲಿ.

● ಇದೆಲ್ಲಕ್ಕೂ ಮೊದಲು, 1874ರ ಡಿಸೆಂಬರ್‌ನಲ್ಲಿ ಶುಕ್ರ ಸೂರ್ಯಬಿಂಬದ ಮೇಲೆ ಹಾದುಹೋಯಿತು. ಅದನ್ನು ಜನರಿಗೆ ವಿವರಿಸಲು ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಬರೆದ ಕಿರುಹೊತ್ತಿಗೆ ಕನ್ನಡದಲ್ಲೂ ಬಂದಿತ್ತು.

● ಕಾದಂಬರಿಕಾರರ ಮಂಗಳ-ಶುಕ್ರ ಕೈತಪ್ಪಿದ್ದು ಯಾವಾಗ? 1962ರಲ್ಲಿ ಮ್ಯಾರಿನರ್-2 ನೌಕೆ ಶುಕ್ರ ಕಾದ ಕುಲುಮೆ ಎಂದು ತೋರಿಸಿತು. 1965ರಲ್ಲಿ ಮ್ಯಾರಿನರ್-4 ಕಳಿಸಿದ ಚಿತ್ರಗಳಲ್ಲಿ ಮಂಗಳದ ಮೇಲೆ ಕಂಡದ್ದು ಬರೀ ಕುಳಿಗಳು. ರಾಜಕುಮಾರಿಯ ಸುಳಿವಿಲ್ಲ!

● ಶಿವಾಜಿನಗರದಿಂದ ಹಲಸೂರು, ದೊಮ್ಮಲೂರು ದಾಟಿ ಹಳೇ ಏರ್‌ಪೋರ್ಟ್ ರಸ್ತೆ ಹಿಡಿದರೆ ವಿಮಾನಪುರದಲ್ಲಿ ಇಸ್ರೊದ ಉಪಗ್ರಹ ಕೇಂದ್ರ ಸಿಗುತ್ತದೆ. ಮಂಗಳಯಾನ ನೌಕೆಗೆ ರೂಪ ಕೊಟ್ಟವರು ಇಲ್ಲಿಯವರು. 2013ರ ನವೆಂಬರ್ 5ರಂದು ಹೊರಟ ನೌಕೆ 2014ರ ಸೆಪ್ಟೆಂಬರ್ 24ರಂದು ಮೊದಲ ಯತ್ನದಲ್ಲೇ ಮಂಗಳದ ಕಕ್ಷೆ ಸೇರಿತು. ಖರ್ಚು ಸುಮಾರು 450 ಕೋಟಿ ರೂಪಾಯಿ. ಇವರು ಚಂದ್ರನನ್ನು ಮರೆತಿರಲಿಲ್ಲ. ಶುಕ್ರನ ಸುತ್ತ ಸುತ್ತುವ ನೌಕೆಗೂ ಕೇಂದ್ರ ಸಂಪುಟ 2024ರಲ್ಲಿ 1,236 ಕೋಟಿ ರೂಪಾಯಿ ಮಂಜೂರು ಮಾಡಿದೆ. ಈ ಬಾರಿ ಶುಕ್ರಕ್ಕೆ ಹೋಗುವುದು ಬೇಕೆಂದೇ.