ಹೋಗಗೊಡುವ, ಮರಳಗೊಡದ ಬಾಗಿಲು

ಕಳೆದ ಮಳೆಗಾಲದ ಒಂದು ಸಂಜೆ ಬಾಗಲಕೋಟೆಯ ನವನಗರದ ನಮ್ಮ ಮನೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಬಿ.ಎ. ತರಗತಿಯಲ್ಲಿ ನನ್ನಿಂದ ಹಳಗನ್ನಡ ಕೇಳಿದವನು. ಈಗ ಇಳಕಲ್ಲಿನಲ್ಲಿ ವಾಹನ ದುರಸ್ತಿಯ ಸಣ್ಣ ಗ್ಯಾರೇಜು ನಡೆಸುತ್ತಾನೆ. ನಮಸ್ಕರಿಸಿ ಕುಳಿತವನು ಕಿಸೆಯಿಂದ ಹೆಬ್ಬೆರಳಿನ ಗಾತ್ರದ ಹಿತ್ತಾಳೆಯ ವಸ್ತುವೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ.

"ಸರ, ಈ ಕಡೆಯಿಂದ ಊದ್ರಿ" ಎಂದ. ಊದಿದೆ. ಗಾಳಿ ಸಲೀಸಾಗಿ ಆಚೆಗೆ ಹೊರಟಿತು. "ಈಗ ತಿರುವಿ ಊದ್ರಿ" ಎಂದ. ನನ್ನ ಕೆನ್ನೆ ಉಬ್ಬಿತೇ ಹೊರತು ಗಾಳಿ ಕದಲಲಿಲ್ಲ.

"ಇದಕ್ಕ ನಾವು ಎನ್‌ಆರ್‌ವಿ ಅಂತೀವ್ರಿ, ಚೆಕ್ ವಾಲು ಅಂತೀವ್ರಿ. ಕನ್ನಡದಾಗ ಏನನ್ನಬೇಕ್ರಿ ಸರ?"

ಕನ್ನಡದ ಮೇಷ್ಟರಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಬೇರೆ ಉಂಟೆ? ಒಮ್ಮುಖ ಕವಾಟವೆನ್ನಬಹುದೆಂದೆ. ಕವಾಟವೆಂದರೆ ಬಾಗಿಲು, ಅದರ ಇನ್ನೊಂದು ರೂಪ ಕಪಾಟ, ನಮ್ಮ ಮನೆಗಳಲ್ಲಿ ಬಟ್ಟೆ, ಪುಸ್ತಕ ಇಡುವ ಕಪಾಟು ಅದೇ ಮಾತು, ವೈದ್ಯರು ಹೃದಯದ ಕವಾಟವೆನ್ನುವುದೂ ಅದನ್ನೇ ಎಂದು ಅರ್ಧ ಗಂಟೆ ವಿವರಿಸಿದೆ. ಬಾದಾಮಿಯ ಅಗಸ್ತ್ಯ ತೀರ್ಥದ ಬಳಿ, ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನೂ ನೆನಪಿಸಿದೆ. ಸುಮಾರು ಕ್ರಿ.ಶ. ೭೦೦ರ ಆ ತ್ರಿಪದಿಗಳು ಒಳ್ಳೆಯವರೊಡನೆ ಮೃದುವಾಗಿಯೂ ಎದುರು ಬಿದ್ದವರೊಡನೆ ಕಠಿಣವಾಗಿಯೂ ಇದ್ದವನೊಬ್ಬನನ್ನು ಹೊಗಳುತ್ತವೆ. ನಿನ್ನ ಹಿತ್ತಾಳೆಯ ಗುಣವೂ ಅದೇ ಅಲ್ಲವೇನಪ್ಪಾ ಎಂದೆ. ಅವನು ಹಿಗ್ಗಿ ಹೋದ. ಅದನ್ನು ಯಾವ ಕೆಲಸಕ್ಕೆ ಮಾಡಿದ್ದಾನೆಂದು ನಾನು ಕೇಳಲಿಲ್ಲ. ಆ ಕೇಳದಿದ್ದುದೇ ಇಂದಿನ ಈ ಮಾತಿಗೆ ಕಾರಣ.

ಹದಿನೈದು ದಿನಗಳ ಮೇಲೆ ಅವನು ಮತ್ತೆ ಬಂದಾಗ ಬಲಗಿವಿಯಲ್ಲಿ ಹತ್ತಿ ಇತ್ತು. ಹೇಳಲೋ ಬೇಡವೋ ಎಂದು ಅನುಮಾನಿಸುತ್ತ ಹೇಳಿದ. ತನ್ನ ಟಂಟಂ ಗಾಡಿಗೆ ನೀರಿನಿಂದ ಜಲಜನಕವನ್ನು ಬಿಡಿಸಿ ಉಣಿಸುವ ಸಾಧನವೊಂದನ್ನು ಅವನು ಕಟ್ಟುತ್ತಿದ್ದನಂತೆ. ಉಕ್ಕಿನ ಪಾತ್ರೆಯಲ್ಲಿ ನೀರು, ಅದಕ್ಕೆ ಬ್ಯಾಟರಿಯ ವಿದ್ಯುತ್ತು. ಹೊರಬಂದ ವಾಯು ಪ್ಲಾಸ್ಟಿಕ್ ಬಾಟಲಿಯ ನೀರಿನಲ್ಲಿ ಗುಳ್ಳೆಯಾಗಿ ಎದ್ದು, ಒಮ್ಮುಖ ಕವಾಟವನ್ನು ದಾಟಿ, ಕೊಳವೆಯ ಮೂಲಕ ಎಂಜಿನ್ನಿಗೆ ಹೋಗಬೇಕು. ಗಾಡಿಗೆ ಜೋಡಿಸುವ ಮೊದಲು ಮೇಜಿನ ಮೇಲೆ ಪರೀಕ್ಷೆ ಮಾಡಿದ. ಕೊಳವೆಯ ತುದಿಗೆ ಬೆಂಕಿ ಹಚ್ಚಿದ. ಬೆಂಕಿ ಒಳಗೆ ಓಡಿತು. ಬಾಟಲಿ ಚೂರುಚೂರಾಯಿತು. ಮುಖ ಪಕ್ಕಕ್ಕಿದ್ದುದರಿಂದ ಕಣ್ಣು ಉಳಿಯಿತು.

"ಆದರ ಸರ, ಒಮ್ಮುಖ ಕವಾಟ ಕೆಟ್ಟಿಲ್ರಿ" ಎಂದು ಅದೇ ಹಿತ್ತಾಳೆಯನ್ನು ಮತ್ತೆ ನನ್ನ ಮುಂದಿಟ್ಟ. ನಾನು ಕೊಟ್ಟ ಹೆಸರಿನಿಂದಲೇ ಅದನ್ನು ಕರೆದದ್ದು ಕೇಳಿ ನನ್ನ ಎದೆ ಝಲ್ಲೆಂದಿತು. ಊದಿ ನೋಡಿದೆ. ನಿಜವಾಗಿಯೂ ಅದು ಕೆಟ್ಟಿರಲಿಲ್ಲ. ಹಾಗಿದ್ದರೆ ಬೆಂಕಿ ಹಿಂದಕ್ಕೆ ಹೋದುದು ಹೇಗೆ? ಅಂದಿನಿಂದ ನಾನು ಓದಿ, ಕೇಳಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ಒಮ್ಮುಖ ಕವಾಟವೆಂಬುದು ನಮ್ಮ ಸೀಮೆಗೆ ಹೊಸತಲ್ಲ. ಕಮ್ಮಾರನ ತಿದಿಯನ್ನು ನೋಡಿ. ಅದರ ಹೊಟ್ಟೆಯಲ್ಲಿ ಒಂದು ರಂಧ್ರ, ರಂಧ್ರದ ಒಳಮಗ್ಗುಲಿಗೆ ಒಂದು ತೊಗಲಿನ ತುಂಡು. ತಿದಿ ಹಿಗ್ಗಿದಾಗ ಹೊರಗಿನ ಗಾಳಿ ತೊಗಲನ್ನು ಎತ್ತಿ ಒಳಬರುತ್ತದೆ. ಅಮುಕಿದಾಗ ಒಳಗಿನ ಗಾಳಿಯೇ ತೊಗಲನ್ನು ರಂಧ್ರಕ್ಕೆ ಒತ್ತಿ ಮುಚ್ಚುತ್ತದೆ, ಗಾಳಿ ಮೂತಿಯಿಂದ ಕೆಂಡಕ್ಕೆ ಹೋಗುತ್ತದೆ. ಕವಾಟಕ್ಕೆ ಕಾವಲುಗಾರ ಬೇಕಿಲ್ಲ. ಮುಚ್ಚಬೇಕಾದುದನ್ನು ತಳ್ಳುವವನೇ ಮುಚ್ಚಿಕೊಳ್ಳುತ್ತಾನೆ. ಇದೇ ಎಲ್ಲ ಒಮ್ಮುಖ ಕವಾಟಗಳ ತತ್ತ್ವ.

ಹುನಗುಂದ ತಾಲೂಕಿನಲ್ಲಿ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದ ಆಸುಪಾಸಿನ ಹೊಲಗಳಲ್ಲಿ, ಪಂಪಿನ ಕೊಳವೆಯ ಬುಡಕ್ಕೆ ಫುಟ್‌ವಾಲ್ವ್ ಇರುತ್ತದೆ. ಪಂಪು ನಿಂತಾಗ ಕೊಳವೆಯ ನೀರು ನದಿಗೆ ಇಳಿದುಹೋಗದಂತೆ ತಡೆಯುವುದು ಅದರ ಕೆಲಸ. ಅದಕ್ಕೆ ಎಲೆಯೋ ಕಡ್ಡಿಯೋ ಸಿಕ್ಕಿಕೊಂಡರೆ ನೀರು ಇಳಿದುಬಿಡುತ್ತದೆ. ಆಗ ರೈತನು ಕೊಡದಿಂದ ನೀರು ತುಂಬುವುದುಂಟು, ಸೋರಿಕೆ ಸಣ್ಣದಾದರೆ ಸೆಗಣಿಯ ನೀರು ಹೊಯ್ಯುವುದೂ ಉಂಟು. ೧೯೭೦ರ ದಶಕದಲ್ಲಿ ಸೊಲ್ಲಾಪುರದ ಪಂಪಿನ ಮಾದರಿಯನ್ನು ಆಧರಿಸಿ ರೂಪುಗೊಂಡ ಇಂಡಿಯಾ ಮಾರ್ಕ್-೨ ಕೈಪಂಪಿನಲ್ಲಿ ಎರಡು ಕವಾಟಗಳಿವೆ. ಒಂದು ಕೊಂತದಲ್ಲಿ, ಇನ್ನೊಂದು ಸಿಲಿಂಡರಿನ ಬುಡದಲ್ಲಿ. ಒಂದು ತೆರೆದಾಗ ಇನ್ನೊಂದು ಮುಚ್ಚುತ್ತದೆ. ಆ ಜೋಡಿಯ ಹೊಂದಾಣಿಕೆಯಿಂದಲೇ ಎಷ್ಟೋ ಹಳ್ಳಿಗಳ ಕೊಡ ತುಂಬಿತು. ಇಳಕಲ್ಲಿನ ಕೆಂಪು ಕಲ್ಲಿನ ಗಣಿಗಳಲ್ಲಿ ಕಲ್ಲು ಕೊರೆಯುವ ಯಂತ್ರಕ್ಕೆ ಗಾಳಿ ಒದಗಿಸುವ ಕಂಪ್ರೆಸರಿನಲ್ಲಿಯೂ ಇದೇ ಬಾಗಿಲು. ಸೈಕಲ್ಲಿನ ವಾಲ್‌ಟ್ಯೂಬನ್ನಂತೂ ನಾವೆಲ್ಲ ಬಾಲ್ಯದಲ್ಲಿ ಬಿಚ್ಚಿ ನೋಡಿದವರೇ. ಸಣ್ಣ ರಂಧ್ರದ ಮೇಲೆ ತೊಡಿಸಿದ ರಬ್ಬರಿನ ನಳಿಕೆ, ಅಷ್ಟೆ.

ನಮ್ಮ ದೇಹವೂ ಈ ತತ್ತ್ವದ ಮೇಲೆ ನಡೆದಿದೆ. ಹೃದಯದಲ್ಲಿ ನಾಲ್ಕು ಕವಾಟಗಳು. ಕೈಕಾಲುಗಳ ಸಿರೆಗಳಲ್ಲಿ ಇನ್ನೂ ಹಲವು. ರಕ್ತವು ಒಂದೇ ದಿಕ್ಕಿನಲ್ಲಿ ಸುತ್ತುತ್ತದೆಂದು ವಿಲಿಯಂ ಹಾರ್ವೆ ೧೬೨೮ರಲ್ಲಿ ಪ್ರಕಟಿಸಿದಾಗ ಆ ಸಿರೆಗಳ ಕವಾಟಗಳೇ ಅವನಿಗೆ ಸಾಕ್ಷಿ ನುಡಿದವು.

ಇನ್ನು ನನ್ನ ವಿದ್ಯಾರ್ಥಿಯ ಕವಾಟಕ್ಕೆ ಬರೋಣ. ಬೇರಿಂಗಿನ ಒಂದು ಉಕ್ಕಿನ ಗುಂಡು, ಬಾಲ್‌ಪೆನ್ನಿನ ಒಂದು ಸ್ಪ್ರಿಂಗು, ಕೊರೆದ ಹಿತ್ತಾಳೆಯ ಗೂಡು. ಸ್ಪ್ರಿಂಗು ಗುಂಡನ್ನು ರಂಧ್ರಕ್ಕೆ ಒತ್ತಿ ಹಿಡಿದಿರುತ್ತದೆ. ವಾಯು ಮುಂದಕ್ಕೆ ಬಂದಾಗ ಗುಂಡು ಸರಿದು ದಾರಿ ಬಿಡುತ್ತದೆ. ಕೆಲಸಗಾರಿಕೆಯಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ಅದರಿಂದ ಅವನು ನಿರೀಕ್ಷಿಸಿದುದರಲ್ಲಿ.

ಜಲಜನಕವೆಂಬ ಹೆಸರನ್ನೇ ಗಮನಿಸಿ: ಜಲವನ್ನು ಹುಟ್ಟಿಸುವುದು. ೧೭೬೬ರಲ್ಲಿ ಹೆನ್ರಿ ಕ್ಯಾವೆಂಡಿಶ್ ಇದನ್ನು ಬೇರೆಯೇ ಒಂದು ವಾಯುವೆಂದು ಗುರುತಿಸಿದ. ೧೭೮೭ರಲ್ಲಿ ಲವಾಸಿಯೆ ಮತ್ತು ಸಂಗಡಿಗರು ಗ್ರೀಕ್ ಮೂಲದಿಂದ ಕಟ್ಟಿದ ಹೆಸರಿಗೆ ನಮ್ಮ ಜಲಜನಕವು ಅಕ್ಷರಶಃ ಸಮಾನವಾಗಿದೆ. ಹೆಸರು ತಣ್ಣಗಿದೆ, ಸ್ವಭಾವ ಹಾಗಿಲ್ಲ. ಗಾಳಿಯಲ್ಲಿ ಇದರ ಪಾಲು ನೂರಕ್ಕೆ ೪ರಿಂದ ೭೫ರವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳಬಲ್ಲದು. ಪೆಟ್ರೋಲಿನ ಆವಿಗಾದರೆ ಆ ವ್ಯಾಪ್ತಿ ಬಹಳ ಕಿರಿದು. ಹೊತ್ತಿಸಲು ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಸಾಕು. ಅದರಲ್ಲೂ ನೀರನ್ನು ಒಂದೇ ಪಾತ್ರೆಯಲ್ಲಿ ಒಡೆದಾಗ ಜಲಜನಕದ ಜೊತೆಗೆ ಆಮ್ಲಜನಕವೂ, ಸುಡಲು ಸರಿಯಾಗಿ ಬೇಕಾದ ಪ್ರಮಾಣದಲ್ಲಿ, ಬೆರೆತೇ ಹೊರಬರುತ್ತದೆ. ಬೆಂಕಿಗೆ ಹೊರಗಿನ ಗಾಳಿಯ ಹಂಗಿಲ್ಲ. ಕೊಳವೆಯೊಳಗೇ ಅದರ ಊಟ ಸಿದ್ಧವಾಗಿದೆ.

ಈ ಮಿಶ್ರಣದಲ್ಲಿ ಜ್ವಾಲೆ ಆಸ್ಫೋಟದ ಸ್ಥಿತಿಗೆ ಏರಿದರೆ ಅದರ ವೇಗ ಸೆಕೆಂಡಿಗೆ ಎರಡೂವರೆ ಕಿಲೋಮೀಟರಿಗೂ ಹೆಚ್ಚು. ಗುಂಡು ಹಿಂದಕ್ಕೆ ಸರಿದು ಕೂರಲು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಸಾಕೆಂದೇ ಇಟ್ಟುಕೊಳ್ಳಿ. ಅಷ್ಟರೊಳಗೆ ಅಂಥ ಜ್ವಾಲೆ ಎರಡೂವರೆ ಮೀಟರ್ ಓಡಿರುತ್ತದೆ. ಅವನ ಕೊಳವೆಯ ಉದ್ದ ಒಂದು ಮೀಟರ್ ಕೂಡ ಇರಲಿಲ್ಲ. ಜ್ವಾಲೆ ನಿಧಾನವಾಗಿಯೇ ಬಂದಿತೆಂದರೂ ಗಂಡಾಂತರ ತಪ್ಪದು. ಏಕೆಂದರೆ ಕವಾಟವು ಮುಚ್ಚುವುದು ಹಿಂದಿನಿಂದ ಒತ್ತಡ ಬಂದಾಗ. ವಾಯು ಇನ್ನೂ ಮುಂದಕ್ಕೆ ಹರಿಯುತ್ತಿರುವಾಗಲೇ ಜ್ವಾಲೆಯು ಆ ಹರಿವಿಗೆ ಎದುರಾಗಿ ಈಜಬಲ್ಲದು. ಆಗ ಬಾಗಿಲು ತೆರೆದೇ ಇರುತ್ತದೆ. ಒಮ್ಮುಖ ಕವಾಟ ಹರಿವನ್ನು ತಡೆಯುತ್ತದೆ, ಬೆಂಕಿಯನ್ನಲ್ಲ.

ಹಾಗಿದ್ದರೆ ಬೆಂಕಿಯನ್ನು ತಡೆಯುವುದು ಯಾವುದು? ಇದನ್ನು ಕೇಳಲು ನಾವಿಬ್ಬರೂ ಹಳೆಯ ಗ್ಯಾಸ್ ವೆಲ್ಡರ್ ಒಬ್ಬರ ಬಳಿಗೆ ಹೋದೆವು. ಕಾರ್ಬೈಡಿಗೆ ನೀರು ಹನಿಸಿ ಅಸಿಟಿಲೀನ್ ವಾಯು ಮಾಡಿಕೊಂಡು ಬೆಸುಗೆ ಹಾಕುತ್ತಿದ್ದ ಕಾಲದವರು. ಕಿವಿಯ ಹತ್ತಿ ನೋಡಿ ಅವರು ನಗಲಿಲ್ಲ. "ನೀರ ಉಳಸೇದ ನೋಡಪಾ ನಿನ್ನ" ಎಂದರು. ಬಾಟಲಿಯ ತಳದಲ್ಲಿದ್ದ ನೀರನ್ನು ದಾಟಿ ಬೆಂಕಿ ಉಕ್ಕಿನ ಪಾತ್ರೆಗೆ ಹೋಗಲಿಲ್ಲ. ಹೋಗಿದ್ದರೆ ಪ್ಲಾಸ್ಟಿಕ್ಕಿನ ಚೂರುಗಳ ಬದಲು ಉಕ್ಕಿನ ಚೂರುಗಳು ಹಾರುತ್ತಿದ್ದವು. ಬಿಡಿಬಿಡಿ ಗುಳ್ಳೆಗಳ ನಡುವಣ ನೀರು ಜ್ವಾಲೆಯ ದಾರಿಯನ್ನು ತುಂಡರಿಸುತ್ತದೆ. ಆದರೆ ನೀರಿನ ಮೇಲೆ ತುಂಬಿ ನಿಂತ ವಾಯುವಿಗೆ ಆ ರಕ್ಷಣೆಯಿಲ್ಲ. ಬಾಟಲಿಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ನಿಂತಿದ್ದುದು ಆ ವಾಯುವೇ.

ಎರಡನೆಯ ಉಪಾಯ ಲೋಹದ ಸಣ್ಣ ಸಂದು. ೧೮೧೫ರಲ್ಲಿ ಹಂಫ್ರಿ ಡೇವಿ ಗಣಿಗಾರರ ದೀಪಕ್ಕೆ ತಂತಿಯ ಬಲೆ ಸುತ್ತಿದ. ಜ್ವಾಲೆಯ ಶಾಖವನ್ನು ಬಲೆ ಹೀರಿಕೊಂಡು ಅದನ್ನು ಆರಿಸುತ್ತದೆ. ಆದರೆ ಗಣಿಯ ಮೀಥೇನಿನ ಜ್ವಾಲೆ ಸುಮಾರು ೨ ಮಿಲಿಮೀಟರಿನ ಸಂದಿನಲ್ಲಿ ನಂದಿಹೋದರೆ, ಗಾಳಿಯಲ್ಲಿ ಉರಿಯುವ ಜಲಜನಕದ ಜ್ವಾಲೆ ಸುಮಾರು ೦.೬ ಮಿಲಿಮೀಟರಿನವರೆಗೂ ನುಸುಳುತ್ತದೆ. ಶುದ್ಧ ಆಮ್ಲಜನಕ ಕೂಡಿದರೆ ಇನ್ನೂ ಕಿರಿದಾದ ಸಂದಿನಲ್ಲಿ. ಮನೆಯ ಜರಡಿಯ ಬಲೆ ಇದಕ್ಕೆ ಸಾಲದು.

ಕೊನೆಯದಾಗಿ ಲಾಭನಷ್ಟದ ಲೆಕ್ಕ. ಒಂದು ಲೀಟರ್ ನೀರಿನಲ್ಲಿ ಸುಮಾರು ೧೧೧ ಗ್ರಾಂ ಜಲಜನಕವಿದೆ. ಅದನ್ನು ಬಿಡಿಸಲು, ಏನೊಂದೂ ಪೋಲಾಗದಿದ್ದರೂ, ಸುಮಾರು ೪.೪ ಯೂನಿಟ್ ಶಕ್ತಿ ಬೇಕು. ಉರಿದಾಗ ಮರಳಿ ಬರುವುದು ಅಷ್ಟೇ. ಆ ವಿದ್ಯುತ್ತು ಬರುವುದಾದರೂ ಎಲ್ಲಿಂದ? ಗಾಡಿಯ ಎಂಜಿನ್ನಿನಿಂದಲೇ. ಪೆಟ್ರೋಲಿನ ಶಕ್ತಿಯ ಕಾಲು ಭಾಗ ಮಾತ್ರ ಎಂಜಿನ್ನಿನ ತಿರುಗಣೆಗೆ ಬರುತ್ತದೆ. ಅದು ವಿದ್ಯುತ್ತಾಗುವಾಗ, ವಿದ್ಯುತ್ತು ನೀರನ್ನು ಒಡೆಯುವಾಗ ಮತ್ತೆ ಮತ್ತೆ ಸೋರುತ್ತದೆ. ನೂರು ರೂಪಾಯಿಯ ಪೆಟ್ರೋಲು ಸುಟ್ಟರೆ ಸುಮಾರು ಹತ್ತು ರೂಪಾಯಿಯ ಜಲಜನಕ ಕೈಗೆ ಬರುತ್ತದೆ. ಇದು ಉಳಿತಾಯವಲ್ಲ, ತನ್ನ ಮನೆಗೇ ತಾನು ಬಡ್ಡಿ ಕಟ್ಟುವ ವ್ಯವಹಾರ.

ಹಾಗೆಂದು ವಾಯುವಿನಿಂದ ವಾಹನ ನಡೆಯದೆಂದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ನಮ್ಮ ದೇಶದಲ್ಲಿ ಇದ್ದಿಲಿನ ಬಸ್ಸುಗಳು ಓಡಿದವು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರೆಂದು ನಮ್ಮ ತಂದೆ ಹೇಳುತ್ತಿದ್ದರು. ಆ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡಿನ ಜೊತೆಗೆ ಒಂದಿಷ್ಟು ಜಲಜನಕವೂ ಇರುತ್ತಿತ್ತು. ಆದರೆ ಅಲ್ಲಿ ಶಕ್ತಿ ಬರುತ್ತಿದ್ದುದು ಇದ್ದಿಲಿನಿಂದ. ಈಗ ಭಾರತ ಸರಕಾರ ೨೦೨೩ರ ಜನವರಿಯಲ್ಲಿ ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ನೀಡಿದೆ. ಅಂಥ ವಾಹನಗಳಲ್ಲಿ ಜಲಜನಕವನ್ನು ಹೊರಗೆ ತಯಾರಿಸಿ, ಆಮ್ಲಜನಕದಿಂದ ಬೇರ್ಪಡಿಸಿ, ವಾತಾವರಣದ ೩೫೦ ಅಥವಾ ೭೦೦ ಪಟ್ಟು ಒತ್ತಡದಲ್ಲಿ ತುಂಬುತ್ತಾರೆ. ಅಲ್ಲಿಯೂ ಒಮ್ಮುಖ ಕವಾಟವಿದೆ, ಆದರೆ ಒಂಟಿಯಾಗಿಲ್ಲ. ಹರಿವನ್ನು ಕಡಿಯುವ ಕವಾಟವೊಂದು, ಬಿಸಿ ಮೀರಿದರೆ ವಾಯುವನ್ನು ಹೊರಬಿಡುವ ಕವಾಟವೊಂದು ಅದರ ಜೊತೆಗಿವೆ.

ಕೈಕೆಲಸವನ್ನು ನಾನು ಹಳಿಯುತ್ತಿಲ್ಲ. ತಿರುವನಂತಪುರದ ಶ್ರೀಚಿತ್ರ ಸಂಸ್ಥೆಯವರು ನಮ್ಮಲ್ಲಿಯೇ ಮಾಡಿದ ಹೃದಯದ ಕವಾಟವನ್ನು ೧೯೯೦ರಲ್ಲಿ ಮೊದಲ ಬಾರಿ ರೋಗಿಗೆ ಜೋಡಿಸಿದರು. ಅದಕ್ಕೆ ಮೊದಲು ಕೈಗೂಡದ ಮಾದರಿಗಳಿದ್ದವು, ವರ್ಷಗಟ್ಟಲೆ ಪರೀಕ್ಷೆಗಳಿದ್ದವು. ಕೆಡಬಹುದಾದ ಎಲ್ಲ ಬಗೆಗಳನ್ನೂ ಅವರು ರೋಗಿಯ ಎದೆಗೆ ಮುಟ್ಟಿಸುವ ಮೊದಲೇ ಕೆಡಿಸಿ ನೋಡಿದರು. ನನ್ನ ಹುಡುಗ ಅದನ್ನು ತನ್ನ ಮುಖದ ಮುಂದೆ ಮಾಡಿದ.

ನನ್ನ ತಪ್ಪೂ ಅದರಲ್ಲಿತ್ತು. ಹೆಸರು ಕೊಟ್ಟು, ಹೋಲಿಕೆ ಹೇಳಿ, ಬೆನ್ನು ತಟ್ಟಿ ಕಳಿಸಿದೆ. ಕಪ್ಪೆ ಅರಭಟ್ಟನಂಥ ದ್ವಾರಪಾಲಕ ತನಗಿದ್ದಾನೆಂದು ಅವನು ನಂಬಿದ. ಹೆಸರು ತಿಳಿದ ಮಾತ್ರಕ್ಕೆ ವಸ್ತು ತಿಳಿದಂತಲ್ಲವೆಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವನು ನಾನು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಮೇಲೇರಿ ನಮ್ಮ ಹಳೆಯ ಬಾಗಲಕೋಟೆಯ ಓಣಿಗಳನ್ನು ಹೊಕ್ಕುದನ್ನು ಕಂಡವನೂ ನಾನು. ಮುಂದಕ್ಕೆ ಹರಿದುದು ಹಿಂದಕ್ಕೆ ಬರಬಲ್ಲದೆಂದು ನನಗಾದರೂ ಹೊಳೆಯಬೇಕಿತ್ತು.

ಅವನು ಆ ಸಾಧನವನ್ನು ಬಿಚ್ಚಿ ಹಾಕಿದ್ದಾನೆ. ಕಿವಿಯ ಗುಂಯ್‌ಗುಡುವಿಕೆ ಇನ್ನೂ ಪೂರ್ತಿ ನಿಂತಿಲ್ಲ. ಹಿತ್ತಾಳೆಯ ಕವಾಟ ಮಾತ್ರ ಈಗ ಅವನ ಗ್ಯಾರೇಜಿನ ಗಾಳಿಯ ಟ್ಯಾಂಕಿಗೆ ಹೋಗುವ ಸಣ್ಣ ಕೊಳವೆಯಲ್ಲಿದೆ. ಅಲ್ಲಿ ಅದಕ್ಕೆ ತಡೆಯಬೇಕಾಗಿರುವುದು ಗಾಳಿಯನ್ನಷ್ಟೆ. ಚೆನ್ನಾಗಿ ತಡೆಯುತ್ತಿದೆಯಂತೆ.