ನೆತ್ತಿಯ ಸೋರಿಯಾಸಿಸ್ ರೋಗದಲ್ಲಿ ಔಷಧಗಳ ಸಂಯೋಜನೆ

ಬಹುಕಾಲ ಬಾಧಿಸುವ ಚರ್ಮರೋಗಗಳಲ್ಲಿ ಸೋರಿಯಾಸಿಸ್ ಮುಖ್ಯವಾದುದು. ಅದು ನೆತ್ತಿಯಲ್ಲಿ ನೆಲೆಸಿದಾಗ ಸಾಮಾನ್ಯ ತಲೆಹೊಟ್ಟೆಂದು ಭಾವಿಸಿ ವರ್ಷಗಟ್ಟಲೆ ಉಪೇಕ್ಷಿಸುವವರುಂಟು. ಅಂಟುರೋಗವೆಂದು ಅಂಜಿ ರೋಗಿಯ ಬಾಚಣಿಗೆ, ದಿಂಬುಗಳನ್ನು ಬೇರೆಯಾಗಿ ಇರಿಸುವವರೂ ಉಂಟು. ಎರಡೂ ತಪ್ಪು ಗ್ರಹಿಕೆಗಳೇ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹಿಂದೆ ಕುಷ್ಠದೊಡನೆ ಬೆರೆತುಹೋಗಿದ್ದ ಈ ರೋಗವನ್ನು ೧೮೪೧ರಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿದವನು ವಿಯೆನ್ನಾದ ವೈದ್ಯ ಫರ್ಡಿನಂಡ್ ಹೆಬ್ರಾ.

ದೇಹದ ರಕ್ಷಣಾವ್ಯವಸ್ಥೆ ಅಕಾರಣವಾಗಿ ಕೆರಳಿ ಚರ್ಮದಲ್ಲಿ ಉರಿಯೂತವನ್ನುಂಟುಮಾಡುವುದೇ ಇದರ ಮೂಲ. ಆರೋಗ್ಯವಂತ ಚರ್ಮದ ಮೇಲ್ಪದರವು ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಇಲ್ಲಿಯಾದರೋ ಕೆಲವೇ ದಿನಗಳು ಸಾಕು. ಆದುದರಿಂದ ಬಲಿಯದ ಜೀವಕೋಶಗಳು ಒಂದರ ಮೇಲೊಂದು ಪೇರಿಕೊಂಡು ಬೆಳ್ಳಿಬಣ್ಣದ ದಪ್ಪ ಪೊರೆಯಾಗುತ್ತವೆ. ಕೂದಲಿನ ಅಂಚನ್ನು ದಾಟಿ ಹಣೆಯವರೆಗೂ ಬರುವ ಕೆಂಪು ಪಟ್ಟೆ, ಮೊಣಕೈ ಮೊಣಕಾಲುಗಳ ಮೇಲಿನ ಕಲೆಗಳು, ಉಗುರಿನ ಸಣ್ಣ ಕುಳಿಗಳು ರೋಗವನ್ನು ಗುರುತಿಸಲು ನೆರವಾಗುತ್ತವೆ.

ಹೀಗಾಗಿ ಚಿಕಿತ್ಸೆಯ ಮುಂದೆ ಮೂರು ಕೆಲಸಗಳಿವೆ: ಪೊರೆಯನ್ನು ಕಳಚುವುದು, ಉರಿಯೂತವನ್ನು ತಣಿಸುವುದು, ಜೀವಕೋಶಗಳ ಅತಿವೇಗವನ್ನು ತಡೆಯುವುದು. ಇವನ್ನು ಒಂದೇ ಔಷಧ ಸಮರ್ಪಕವಾಗಿ ನಿರ್ವಹಿಸುವುದು ವಿರಳ. ಎಂತಲೇ ಸಂಯೋಜನೆಯ ಯೋಚನೆ ಹಳೆಯದು. ೧೯೨೫ರಲ್ಲಿ ಅಮೆರಿಕದ ವೈದ್ಯ ಗೋಕರ್ಮನ್ ಕಲ್ಲಿದ್ದಲಿನ ಟಾರನ್ನೂ ಅತಿನೇರಳೆ ಕಿರಣಗಳನ್ನೂ ಜೋಡಿಸಿದನು. ೧೯೫೩ರಲ್ಲಿ ಇಂಗ್ಲೆಂಡಿನ ಇಂಗ್ರಾಮ್ ಅವುಗಳೊಡನೆ ಡಿಥ್ರನಾಲ್ ಲೇಪವನ್ನು ಸೇರಿಸಿದನು. ಆದರೆ ಕಿರಣಗಳಿಗೆ ಕೂದಲೇ ಅಡ್ಡಿಯಾದ್ದರಿಂದ ನೆತ್ತಿಗೆ ಈ ಕ್ರಮಗಳು ಅಷ್ಟಾಗಿ ಒಗ್ಗಲಿಲ್ಲ.

ಇಂದು ನೆತ್ತಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಸ್ಟೀರಾಯ್ಡ್ ಮತ್ತು ಕ್ಯಾಲ್ಸಿಪೊಟ್ರಿಯಾಲ್‌ಗಳ ಜೋಡಿ. ಎರಡನೆಯದು ಡಿ ಜೀವಸತ್ವದ ಬಳಗಕ್ಕೆ ಸೇರಿದ್ದು. ೧೯೮೫ರಲ್ಲಿ ಜಪಾನಿನಲ್ಲಿ ಮೂಳೆಸವೆತಕ್ಕಾಗಿ ಈ ಬಳಗದ ಔಷಧವನ್ನು ಸೇವಿಸಿದ ರೋಗಿಯೊಬ್ಬರ ಸೋರಿಯಾಸಿಸ್ ಮಾಯವಾದುದು ವರದಿಯಾಯಿತು. ಈ ಬಳಗದ ಲೇಪಗಳತ್ತ ವೈದ್ಯರ ಗಮನ ಹರಿದುದು ಅಲ್ಲಿಂದ. ಸ್ಟೀರಾಯ್ಡ್ ಉರಿಯೂತವನ್ನು ಬೇಗನೆ ಇಳಿಸುತ್ತದೆ, ಆದರೆ ದೀರ್ಘ ಬಳಕೆಯಿಂದ ಚರ್ಮ ತೆಳುವಾಗುತ್ತದೆ. ಕ್ಯಾಲ್ಸಿಪೊಟ್ರಿಯಾಲ್ ನಿಧಾನಿ, ಮೇಲಾಗಿ ಕೆಲವರಿಗೆ ಉರಿ ತರುತ್ತದೆ; ಆ ಉರಿಯನ್ನು ಸ್ಟೀರಾಯ್ಡ್ ತಗ್ಗಿಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಲ್ಲಿಯೇ ಈ ಜೋಡಿಯ ಗುಣವಿದೆ.

ಆದರೆ ಇವೆರಡನ್ನು ಮನೆಯಲ್ಲಿ ಅಂಗೈಯಲ್ಲಿ ಕಲಸಿಕೊಳ್ಳುವಂತಿಲ್ಲ. ಕ್ಯಾಲ್ಸಿಪೊಟ್ರಿಯಾಲ್ ಕ್ಷಾರಗುಣದಲ್ಲಿ ಉಳಿಯುವಂಥದು. ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಆಮ್ಲಗುಣದಲ್ಲಿ ಉಳಿಯುವಂಥದು. ವಿಶೇಷವಾಗಿ ತಯಾರಿಸಿದ ಲೇಪದಲ್ಲಿ ಮಾತ್ರ ಅವು ಒಟ್ಟಿಗೆ ಬಾಳುತ್ತವೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಪೊರೆ ಕಳಚಲು ಬಳಸುವ ಸ್ಯಾಲಿಸಿಲಿಕ್ ಆಮ್ಲವು ಕ್ಯಾಲ್ಸಿಪೊಟ್ರಿಯಾಲನ್ನು ನಿಷ್ಫಲಗೊಳಿಸುತ್ತದೆ. ಒಬ್ಬ ವೈದ್ಯರು ಬರೆದುಕೊಟ್ಟ ದ್ರಾವಣವನ್ನೂ ಮತ್ತೊಬ್ಬರು ಬರೆದುಕೊಟ್ಟ ಲೇಪವನ್ನೂ ಒಂದೇ ಹೊತ್ತಿನಲ್ಲಿ ಹಚ್ಚಿದ ರೋಗಿಯು ದುಬಾರಿ ಔಷಧವನ್ನು ತನ್ನ ಕೈಯಾರೆ ಕೆಡಿಸಿದಂತಾಗುತ್ತದೆ. ಈ ಆಮ್ಲವು ಕೆಲವು ಶಾಂಪೂಗಳಲ್ಲಿಯೂ ಇರುತ್ತದೆಂಬುದನ್ನು ಮರೆಯಲಾಗದು.

ಆದುದರಿಂದ ಅನುಕ್ರಮವೇ ಇಲ್ಲಿ ಪ್ರಧಾನ. ಮೊದಲು ಎಣ್ಣೆಯಿಂದಲೋ ಸ್ಯಾಲಿಸಿಲಿಕ್ ಆಮ್ಲದಿಂದಲೋ ಪೊರೆಯನ್ನು ಮೆತ್ತಗಾಗಿಸಿ ತೆಗೆಯಬೇಕು. ಉಗುರಿನಿಂದ ಕೆರೆದು ಕೀಳಬಾರದು, ಗಾಯವಾದೆಡೆ ರೋಗ ಮತ್ತೆ ಮೂಡಬಹುದು. ಪೊರೆ ಹೋದ ಮೇಲೆ, ಆಮ್ಲದ ಬಳಕೆಯನ್ನು ನಿಲ್ಲಿಸಿ, ಜೋಡಿಲೇಪವನ್ನು ದಿನಕ್ಕೊಮ್ಮೆ ಒಣನೆತ್ತಿಗೆ ಹಚ್ಚುವುದು ವಾಡಿಕೆ; ನೆತ್ತಿಗೆ ಸಾಮಾನ್ಯ ಅವಧಿ ೪ ವಾರ. ತೊಳೆಯುವಾಗ ಒಣಗೂದಲಿಗೇ ಶಾಂಪೂ ತಿಕ್ಕಿ ಅನಂತರ ನೀರು ಹಾಕಿದರೆ ಜಿಡ್ಡು ಸುಲಭವಾಗಿ ಬಿಡುತ್ತದೆ. ಮುಂದೆ ಯಾವುದನ್ನು ಎಷ್ಟು ದಿನಕ್ಕೊಮ್ಮೆ ಮುಂದುವರಿಸಬೇಕು, ಲೇಪಕ್ಕೆ ಮಣಿಯದಿದ್ದರೆ ಮಾತ್ರೆ ಅಥವಾ ಚುಚ್ಚುಮದ್ದು ಬೇಕೇ ಎಂಬುದನ್ನು ಚರ್ಮರೋಗತಜ್ಞರು ನಿರ್ಧರಿಸಬೇಕು.

ಈ ರೋಗವನ್ನು ಬುಡಸಹಿತ ಕೀಳುವ ಔಷಧ ಇನ್ನೂ ದೊರೆತಿಲ್ಲ, ಹತೋಟಿಯಲ್ಲಿಡುವುದು ಸಾಧ್ಯ. ರೋಗಿಯು ವೈದ್ಯರನ್ನು ಕಾಣುವಾಗ ತಾನು ತಲೆಗೆ ಹಚ್ಚುತ್ತಿರುವ ಎಲ್ಲವನ್ನೂ, ಎಣ್ಣೆ ಶಾಂಪೂಗಳನ್ನೂ ಸಹ, ಪಟ್ಟಿಮಾಡಿ ಒಯ್ಯುವುದು ಲೇಸು. ಮನೆಯವರು ಅವನ ಬಾಚಣಿಗೆಯನ್ನು ಬೇರೆ ಇಡಬೇಕಾಗಿಲ್ಲ.