ಡಚ್ಚನ ಚಿನ್ನ, ಅಪ್ಪನ ನೀರಿನ ಬಾಟಲಿ

ಅಪ್ಪ ಕೆಜಿಎಫ್ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚೋವರೆಗೂ ನೆಲದಡಿಯ ಪಾಳಿ ಮಾಡಿದ್ದಾರೆ. ಹಾಗಾಗಿ ಅವರು ಅರಿಜೋನಾದ ನಮ್ಮ ಮನೆಗೆ ಬಂದಾಗ ವೀಕೆಂಡ್‌ಗೆ ಎಲ್ಲಿಗೆ ಕರೆದೊಯ್ಯೋದು ಅಂತ ನಾನು ಯೋಚಿಸಲೇ ಇಲ್ಲ. ಫೀನಿಕ್ಸ್‌ನಿಂದ ಪೂರ್ವಕ್ಕೆ, ಕಳೆದುಹೋದ ಚಿನ್ನದ ಕಥೆಗೆ ಹೆಸರಾದ ಸೂಪರ್‌ಸ್ಟಿಷನ್ ಬೆಟ್ಟಗಳಿಗೆ.

ಕಾರಿನಲ್ಲೇ ಕಥೆ ಶುರು ಮಾಡಿದೆ. ಜೇಕಬ್ ವಾಲ್ಟ್ಸ್ ಅಂತ ಒಬ್ಬ ಜರ್ಮನ್ ವಲಸಿಗ. ‘ಡಾಯ್ಚ್’ ಅನ್ನೋದು ಜನರ ಬಾಯಲ್ಲಿ ‘ಡಚ್’ ಆಗಿ, ಅವನು ‘ಡಚ್‌ಮನ್’ ಆದ. ಈ ಬೆಟ್ಟದಲ್ಲೆಲ್ಲೋ ಅವನಿಗೊಂದು ಚಿನ್ನದ ಗಣಿ ಗೊತ್ತಿತ್ತಂತೆ. 1891ರ ಅಕ್ಟೋಬರ್‌ನಲ್ಲಿ ಫೀನಿಕ್ಸ್‌ನಲ್ಲಿ ತೀರಿಕೊಂಡ. ಅವನ ಆರೈಕೆ ಮಾಡಿದ್ದ ಜೂಲಿಯಾ ಥಾಮಸ್ ಎಂಬಾಕೆಗೆ ಸಾಯೋ ಮುಂಚೆ ದಾರಿ ಹೇಳಿದ ಅನ್ನೋದು ದಂತಕಥೆ. ಮರುವರ್ಷವೇ ಆಕೆ ಜನ ಕಟ್ಟಿಕೊಂಡು ಬೆಟ್ಟ ಹತ್ತಿದಳು, ಬರಿಗೈಲಿ ವಾಪಸ್ ಬಂದಳು. ಆಮೇಲೆ ನಕ್ಷೆ ಮಾರಿದಳು ಅಂತಾರೆ.

‘ಹಂಗಾದ್ರೆ ಚಿನ್ನ ಸಿಕ್ಕಿದ್ದು ಅವಳಿಗೇ ಬಿಡು’ ಅಂದರು ಅಪ್ಪ.

ನಾನು ಇನ್ನಷ್ಟು ಮಸಾಲೆ ಸೇರಿಸಿದೆ. 1931ರ ಜೂನ್‌ನಲ್ಲಿ ಅಡಾಲ್ಫ್ ರೂತ್ ಎಂಬ ವಯಸ್ಸಾದ ವ್ಯಕ್ತಿ ಹಳೆಯ ನಕ್ಷೆ ಹಿಡಿದು ಒಳಗೆ ಹೋದ. ಡಿಸೆಂಬರ್‌ನಲ್ಲಿ ಸಿಕ್ಕಿದ್ದು ತೂತು ಬಿದ್ದ ಅವನ ತಲೆಬುರುಡೆ. ಗುಂಡೇಟೋ, ಕಾಡುಪ್ರಾಣಿಯೋ, ವಾದ ಇವತ್ತಿಗೂ ಮುಗಿದಿಲ್ಲ. 2010ರ ಜುಲೈನಲ್ಲಿ ಯೂಟಾದಿಂದ ಮೂವರು ಗಣಿ ಹುಡುಕುತ್ತಾ ಬಂದರು. ಅವರ ಅವಶೇಷ ಸಿಕ್ಕಿದ್ದು ಮುಂದಿನ ಜನವರಿಯಲ್ಲಿ. ಜುಲೈ ಅಂದರೆ ಇಲ್ಲಿ ನಲವತ್ತು ಡಿಗ್ರಿ ದಾಟೋ ಕಾಲ. ಇಷ್ಟೆಲ್ಲ ಹೇಳಿದವಳು ನಾನೇ, ನೆನಪಿಟ್ಟುಕೊಳ್ಳಿ.

ದಾರಿಯಲ್ಲಿ ಗೋಲ್ಡ್‌ಫೀಲ್ಡ್ ಸಿಗುತ್ತೆ. ತಮಾಷೆ ಅಂದ್ರೆ ಇಲ್ಲಿ ನಿಜವಾಗ್ಲೂ ಚಿನ್ನ ಸಿಕ್ಕಿತ್ತು, 1892ರಲ್ಲಿ. ಊರೇ ಎದ್ದಿತು. ಐದಾರು ವರ್ಷದಲ್ಲಿ ಅದಿರು ಮುಗಿದು ಊರು ಖಾಲಿ. ಈಗ ಅದು ಟೂರಿಸ್ಟ್ ಜಾಗ. ಖಾಲಿಯಾದ ಊರು ಅಂದಾಗ ಅಪ್ಪ ಸುಮ್ಮನಾದರು. ನಾನೂ ಕೆಣಕಲಿಲ್ಲ.

ಆಮೇಲೆ ಬೆಟ್ಟದ ಬುಡದಲ್ಲಿ ಒಂದು ಕಲ್ಲನ್ನು ಕೈಲಿ ತಿರುಗಿಸಿ ನೋಡಿದರು. ‘ಇದು ನಮ್ಮ ಕಲ್ಲಲ್ಲ ಕಣಮ್ಮ.’ ಕೋಲಾರದ ಚಿನ್ನ ಇರೋದು ತೀರಾ ಪುರಾತನ ಬಂಡೆಗಳ ನಡುವಿನ ಬೆಣಚುಕಲ್ಲಿನ ಎಳೆಗಳಲ್ಲಿ. ಸೂಪರ್‌ಸ್ಟಿಷನ್ ಬಹುಪಾಲು ಜ್ವಾಲಾಮುಖಿಯ ಬೂದಿ, ಲಾವಾ ಗಟ್ಟಿಯಾದ ಬೆಟ್ಟ. ಇಲ್ಲಿ ದೊಡ್ಡ ಚಿನ್ನದ ನಿಕ್ಷೇಪ ಇರೋದು ಅನುಮಾನ ಅಂತ ಭೂವಿಜ್ಞಾನಿಗಳೂ ಹೇಳ್ತಾರೆ. ಇದ್ದರೂ ಪ್ರಯೋಜನ ಇಲ್ಲ, ಸಂರಕ್ಷಿತ ಪ್ರದೇಶದಲ್ಲಿ 1984ರಿಂದ ಹೊಸ ಗಣಿಗೆ ಹಕ್ಕೇ ಸಿಗಲ್ಲ.

ಆದ್ರೂ ನನಗೆ ವೀವರ್ಸ್ ನೀಡಲ್ ತೋರಿಸಬೇಕಿತ್ತು. ಸೂಜಿಯಂತೆ ನಿಂತ ಆ ಬಂಡೆಯ ನೆರಳು ಬೀಳೋ ಕಡೆ ಗಣಿ ಇದೆ ಅಂತ ಕಥೆ. ಪೆರಾಲ್ಟಾ ಹಾದಿಯಲ್ಲಿ ಸುಮಾರು ಮೂರೂವರೆ ಕಿಲೋಮೀಟರ್ ಹತ್ತಿದ್ರೆ ಎದುರಿಗೇ ಕಾಣುತ್ತೆ. ಮೇ ತಿಂಗಳು, ಬೆಳಿಗ್ಗೆ ಒಂಬತ್ತೂವರೆ, ಇಬ್ಬರಿಗೂ ಸೇರಿ ಮೂರು ಸಣ್ಣ ಬಾಟಲಿ ನೀರು. ಅರ್ಧ ದಾರಿಯಲ್ಲೇ ಅಪ್ಪ ಕೇಳಿದರು: ‘ನೀರು ಎಷ್ಟಿದೆ?’

‘ಇನ್ನೊಂದೇ ತಿರುವು ಅಪ್ಪ, ಬಂದೇ ಬಿಡ್ತು.’

ಮೂರು ಸಲ ಹೀಗೇ ಹೇಳಿದೆ. ಮಗಳ ಆಸೆ ಅಂತ ಅವರೂ ನಡೆದರು. ನಾಲ್ಕನೇ ತಿರುವಿನಲ್ಲಿ ಅವರ ಮಾತು ತೊದಲಿತು. ಕೈ ಹಿಡಿದೆ, ಬೆವರೇ ಇರಲಿಲ್ಲ. ಬಾಟಲಿ ಖಾಲಿ. ಫೋನ್‌ನಲ್ಲಿ ಸಿಗ್ನಲ್ ಇಲ್ಲ. ಬಂಡೆಯ ನೆರಳಲ್ಲಿ ಕೂರಿಸಿ ದುಪಟ್ಟಾದಲ್ಲಿ ಗಾಳಿ ಹಾಕುತ್ತಾ ಕೂತೆ. ಆ ಹದಿನೈದು ನಿಮಿಷ ನನಗೆ ಯಾವ ಡಚ್ಚನೂ ನೆನಪಾಗಲಿಲ್ಲ, ಊರಲ್ಲಿರೋ ಅಮ್ಮನ ಮುಖವೊಂದೇ.

ಮೇಲಿನಿಂದ ಇಳಿದು ಬಂದ ವಯಸ್ಸಾದ ದಂಪತಿ ತಮ್ಮ ನೀರನ್ನೇ ಅಪ್ಪನ ಕತ್ತು, ತಲೆಗೆ ಸುರಿದು, ಗುಟುಕು ಗುಟುಕಾಗಿ ಕುಡಿಸಿದರು. ಆ ಹೆಂಗಸು ನನ್ನ ಖಾಲಿ ಬಾಟಲಿಗಳನ್ನು ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ರೇ ಚೆನ್ನಾಗಿತ್ತು. ಅಪ್ಪನ ಆಚೀಚೆ ನಿಂತು ಕೆಳಗಿನವರೆಗೂ ನಮ್ಮ ಜೊತೆಗೇ ಬಂದರು.

ರಾತ್ರಿ ಅಪ್ಪ ಅಮ್ಮನಿಗೆ ಫೋನ್ ಮಾಡಿದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ.

‘ಬೆಟ್ಟ ಚೆನ್ನಾಗಿದೆ. ಚಿನ್ನ ಇಲ್ಲ. ಊಟ ಆಯ್ತಾ?’

ಆ ಸೂಜಿಬಂಡೆಯನ್ನು ನಾವಿನ್ನೂ ನೋಡಿಲ್ಲ. ಮುಂದಿನ ಸಲ ಡಿಸೆಂಬರ್‌ನಲ್ಲೇ ಬರ್ತಾರಂತೆ. ನೀರು ತುಂಬಿಸೋ ಕೆಲಸ ಅವರದೇ ಅಂತೆ.